ರೇಸ್ ನೋಡೋಕೆ ಶುರು ಮಾಡಬೇಕು ಅಂದ್ರೆ ಯಾವುದು? ಫಾರ್ಮುಲಾ 1ರಿಂದ ಡಕಾರ್‌ವರೆಗೆ ಒಂದು ಹೋಲಿಕೆ

"ಮೋಟಾರ್ ರೇಸ್ ನೋಡಬೇಕು ಅನ್ನಿಸಿದೆ, ಎಲ್ಲಿಂದ ಶುರು ಮಾಡಲಿ?" ಅಂತ ಕೇಳಿದರೆ ಹತ್ತರಲ್ಲಿ ಒಂಬತ್ತು ಜನ ಫಾರ್ಮುಲಾ 1 ಅಂತಾರೆ. ಆ ಮಾತು ನಂಬಿ ಮೊನಾಕೊ ರೇಸ್ ಹಾಕಿಕೊಂಡು, ಕಾರುಗಳು ಒಂದರ ಹಿಂದೆ ಒಂದು ಎರಡು ಗಂಟೆ ಮೆರವಣಿಗೆ ಹೋಗುವುದನ್ನು ನೋಡಿ, "ಇದರಲ್ಲೇನಿದೆ ಮಾರಾಯ" ಅಂತ ಟಿವಿ ಆರಿಸಿದವರು ನನಗೆ ಬೇಕಾದಷ್ಟು ಜನ ಗೊತ್ತು. ಅವರಲ್ಲಿ ಅರ್ಧ ಜನಕ್ಕೆ ಬೈಕ್‌ಗಳ ಮೋಟೋಜಿಪಿಯನ್ನೋ ರ‍್ಯಾಲಿಯನ್ನೋ ತೋರಿಸಿದ್ದರೆ ಇವತ್ತಿಗೂ ನೋಡುತ್ತಿದ್ದರು.

ಹೊಸಬರು ಸಾಮಾನ್ಯವಾಗಿ ಕೇಳುವುದು ವೇಗ. ಯಾವುದು ಜಾಸ್ತಿ ಜೋರು? ಈ ಪ್ರಶ್ನೆಯಿಂದ ಏನೂ ಪ್ರಯೋಜನವಿಲ್ಲ. ಟಿವಿಯಲ್ಲಿ ಗಂಟೆಗೆ 300 ಕಿ.ಮೀ.ಗೂ 370 ಕಿ.ಮೀ.ಗೂ ವ್ಯತ್ಯಾಸ ಕಾಣುವುದೇ ಇಲ್ಲ. ಅದರ ಬದಲು ಓಡಿಸುವವರು ಯಾರ ಜೊತೆ ಸೆಣಸುತ್ತಿದ್ದಾರೆ ಅಂತ ನೋಡಿ. ಪಕ್ಕದ ಗಾಡಿಯವನ ಜೊತೆಯಾ? ಗಡಿಯಾರದ ಜೊತೆಯಾ? ನಿದ್ದೆಯ ಜೊತೆಯಾ? ದಾರಿಯ ಜೊತೆಯಾ? ಇದರಲ್ಲಿ ಯಾವ ಸೆಣಸಾಟ ನಿಮ್ಮನ್ನು ಕುರ್ಚಿಯ ತುದಿಗೆ ತರುತ್ತದೋ ಅದೇ ನಿಮ್ಮ ರೇಸ್. ಎರಡನೆಯ ಪ್ರಶ್ನೆ, ನಿಮಗೆ ಬಿಡುವು ಎಷ್ಟಿದೆ ಅನ್ನುವುದು. ಅದನ್ನು ಆಮೇಲೆ ನೋಡೋಣ.

ಇಷ್ಟೊಂದು ಬಗೆ ಹೇಗೆ ಬಂತು

1894ರ ಜುಲೈನಲ್ಲಿ ಒಂದು ಫ್ರೆಂಚ್ ಪತ್ರಿಕೆ ಪ್ಯಾರಿಸ್‌ನಿಂದ ರುಆನ್ ಊರಿನವರೆಗೆ ಕುದುರೆ ಇಲ್ಲದ ಗಾಡಿಗಳ ಸ್ಪರ್ಧೆ ನಡೆಸಿತು. ಮೊದಲು ಬಂದು ಮುಟ್ಟಿದ್ದು ಕೌಂಟ್ ದ ದಿಯೋನ್ ಅವರ ಹಬೆಗಾಡಿ. ಆದರೆ ಅದಕ್ಕೆ ಬೆಂಕಿ ನೋಡಿಕೊಳ್ಳಲು ಇನ್ನೊಬ್ಬ ಆಳು ಬೇಕಿತ್ತು. ಅದು ನಿಯಮಕ್ಕೆ ಹೊಂದಲಿಲ್ಲ ಅಂತ ಮೊದಲ ಬಹುಮಾನವನ್ನು ಪ್ಯೂಜೊ ಮತ್ತು ಪನಾರ್ ಕಂಪನಿಗಳಿಗೆ ಹಂಚಿದರು. ಮರುವರ್ಷ ಪ್ಯಾರಿಸ್–ಬೋರ್ಡೊ–ಪ್ಯಾರಿಸ್, ಸುಮಾರು 1,180 ಕಿ.ಮೀ. ಎಮಿಲ್ ಲೆವಾಸೋರ್ 48 ಗಂಟೆ 48 ನಿಮಿಷದಲ್ಲಿ ಎಲ್ಲರಿಗಿಂತ ಗಂಟೆಗಟ್ಟಲೆ ಮೊದಲು ಬಂದರು. ಅವರ ಕಾರಿಗೆ ಎರಡೇ ಸೀಟು, ನಾಲ್ಕು ಸೀಟಿನ ಕಾರಿಗೆ ಮಾತ್ರ ಮೊದಲ ಬಹುಮಾನ ಅಂದುಬಿಟ್ಟರು! ಗೆದ್ದವರು ಯಾರು ಅನ್ನುವ ತಕರಾರು ರೇಸ್ ಹುಟ್ಟಿದಾಗಲೇ ಜೊತೆಗೆ ಹುಟ್ಟಿದ್ದು. 2021ರ ಅಬುಧಾಬಿ ಫಾರ್ಮುಲಾ 1 ರೇಸ್‌ನಲ್ಲಿ ಕೊನೆಯ ಸುತ್ತಿಗೆ ಪಟ್ಟ ಕೈ ಬದಲಾದ ಬಗ್ಗೆ ಇನ್ನೂ ಜಗಳ ಆಡುವವರು ಇದನ್ನು ನೆನಪಿಟ್ಟುಕೊಳ್ಳಬಹುದು.

ಊರಿಂದ ಊರಿಗೆ ಓಡುವ ಈ ರೇಸ್‌ಗಳ ಆಯಸ್ಸು ಹತ್ತು ವರ್ಷವೂ ಆಗಲಿಲ್ಲ. 1903ರ ಪ್ಯಾರಿಸ್–ಮ್ಯಾಡ್ರಿಡ್ ರೇಸ್‌ನಲ್ಲಿ ದಾರಿಬದಿಯ ಜನರೂ ಚಾಲಕರೂ ಸತ್ತರು. ರೆನೋ ಕಂಪನಿಯ ಮಾರ್ಸೆಲ್ ರೆನೋ ಕೂಡ ಅವರಲ್ಲಿ ಒಬ್ಬರು. ಸರ್ಕಾರ ಬೋರ್ಡೊದಲ್ಲೇ ರೇಸ್ ನಿಲ್ಲಿಸಿತು. ಕಾರುಗಳನ್ನು ಕುದುರೆ ಕಟ್ಟಿ ರೈಲು ನಿಲ್ದಾಣಕ್ಕೆ ಎಳೆಸಿದರು.

ಅಲ್ಲಿಂದ ದಾರಿ ಕವಲೊಡೆಯಿತು. ಮುಚ್ಚಿದ ರಸ್ತೆಯಲ್ಲಿ ಸುತ್ತು ಹಾಕೋಣ ಅಂದವರು 1906ರಲ್ಲಿ ಲೆ ಮಾನ್ಸ್ ಊರಿನ ಹತ್ತಿರ ಮೊದಲ ಫ್ರೆಂಚ್ ಗ್ರ್ಯಾನ್ ಪ್ರಿ ನಡೆಸಿದರು. ಅದರ ವಂಶವೇ ಇವತ್ತಿನ ಫಾರ್ಮುಲಾ 1. ಜನ ಒಂದೇ ಕಡೆ ಕೂತು ಪೂರ್ತಿ ರೇಸ್ ನೋಡಲಿ ಅಂತ ಅಮೆರಿಕದವರು ಮೊಟ್ಟೆಯಾಕಾರದ ಟ್ರ್ಯಾಕ್ ಕಟ್ಟಿ 1911ರಲ್ಲಿ ಇಂಡಿಯನಾಪೊಲಿಸ್ 500 ಶುರು ಮಾಡಿದರು. ಸಾಮಾನ್ಯ ರಸ್ತೆ ಬಿಡಲು ಮನಸ್ಸಿಲ್ಲದವರು ಅದೇ ವರ್ಷ ಮಾಂಟೆ ಕಾರ್ಲೋ ರ‍್ಯಾಲಿ ಮಾಡಿದರು. ಗಾಡಿ ಎಷ್ಟು ಬಾಳಿಕೆ ಬರುತ್ತೆ ನೋಡೇಬಿಡೋಣ ಅಂದವರು 1923ರಲ್ಲಿ ಲೆ ಮಾನ್ಸ್‌ನ 24 ಗಂಟೆ ರೇಸ್ ಹಚ್ಚಿದರು. ಆ ಹಳೆಯ ರಸ್ತೆ ರೇಸ್‌ಗಳಲ್ಲಿ ಎಲ್ಲವೂ ಒಟ್ಟಿಗಿತ್ತು. ಈಗ ಒಬ್ಬೊಬ್ಬರು ಒಂದೊಂದು ಪಾಲು ಹಿಡಿದುಕೊಂಡಿದ್ದಾರೆ ಅಷ್ಟೇ.

ಫಾರ್ಮುಲಾ 1: ಕತೆ ಬೇಕು ಅನ್ನುವವರಿಗೆ

ವಿಶ್ವ ಚಾಂಪಿಯನ್‌ಶಿಪ್‌ನ ಮೊದಲ ರೇಸ್ ನಡೆದದ್ದು 1950ರ ಮೇ 13ರಂದು, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್‌ನಲ್ಲಿ. ಆಲ್ಫಾ ರೋಮಿಯೊ ಓಡಿಸಿದ ಜುಸೆಪ್ಪೆ ಫಾರಿನಾ ಆ ರೇಸನ್ನೂ ಗೆದ್ದರು, ಮೊದಲ ಚಾಂಪಿಯನ್ನೂ ಆದರು. ಆಮೇಲೆ ಫಾಂಜಿಯೊ ಐದು ಸಲ, ಶುಮಾಕರ್ ಮತ್ತು ಹ್ಯಾಮಿಲ್ಟನ್ ತಲಾ ಏಳು ಸಲ ಪಟ್ಟ ಗೆದ್ದರು.

ಇಲ್ಲಿ ಸೆಣಸಾಟ ಚಾಲಕರ ನಡುವೆ ಅಂತ ಕಾಣುತ್ತೆ. ನಿಜಕ್ಕೂ ಇದು ಕಾರು ಕಟ್ಟುವವರ ಜಗಳ. ಪ್ರತಿ ತಂಡವೂ ತನ್ನ ಕಾರನ್ನು ತಾನೇ ವಿನ್ಯಾಸ ಮಾಡಬೇಕು. ಹಾಗಾಗಿ ಒಳ್ಳೆಯ ಚಾಲಕ ಕೆಟ್ಟ ಕಾರಿನಲ್ಲಿ ಕೂತರೆ ಹನ್ನೆರಡನೆಯ ಜಾಗದಲ್ಲಿ ಒದ್ದಾಡುತ್ತಾನೆ. ಇದನ್ನು ಅನ್ಯಾಯ ಅಂತ ಕಾಣುವವರಿಗೆ ಫಾರ್ಮುಲಾ 1 ರುಚಿಸುವುದಿಲ್ಲ. ಆದರೆ ವರ್ಷಪೂರ್ತಿ ಒಂದು ಧಾರಾವಾಹಿಯ ಹಾಗೆ ಹಿಂಬಾಲಿಸುವವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಯಾವ ತಂಡ ಕಾರಿಗೆ ಹೊಸ ಮೂತಿ ಹಾಕಿಕೊಂಡು ಬಂತು, ಯಾರು ಯಾರ ತಂಡಕ್ಕೆ ಹಾರಿದರು, ಎಂಜಿನಿಯರ್ ರೇಡಿಯೋದಲ್ಲಿ ಏನಂದ, ಎಲ್ಲವೂ ಕತೆಯೇ.

ಒಂದು ರೇಸ್ ಸುಮಾರು 305 ಕಿ.ಮೀ., ಒಂದೂವರೆ ಗಂಟೆಯ ಆಸುಪಾಸು. ಟೈರ್ ಮೂರು ಬಗೆ: ಕೆಂಪು ಪಟ್ಟಿಯ ಮೆತ್ತನೆಯದು, ಹಳದಿಯ ಮಧ್ಯಮ, ಬಿಳಿಯ ಗಟ್ಟಿ. ಮಳೆ ಇಲ್ಲದಿದ್ದರೆ ಎರಡು ಬಗೆಯಾದರೂ ಬಳಸಲೇಬೇಕು. ಹೊಸಬರು ಇದನ್ನು ಒಂದು ಸಲ ಅರ್ಥ ಮಾಡಿಕೊಂಡರೆ ಅರ್ಧ ರೇಸ್ ಅರ್ಥವಾದ ಹಾಗೆ. ಮುಂದಿನ ಕಾರನ್ನು ರಸ್ತೆ ಮೇಲೆ ದಾಟಲು ಆಗುತ್ತಿಲ್ಲ ಅಂತಿಟ್ಟುಕೊಳ್ಳಿ. ಹಿಂದಿನವನು ಒಂದು ಸುತ್ತು ಮೊದಲೇ ಟ್ರ್ಯಾಕ್ ಬದಿಯಲ್ಲಿ ಟೈರ್ ಬದಲಿಸುವ ಜಾಗಕ್ಕೆ, ಅಂದರೆ ಪಿಟ್‌ಗೆ ಬರುತ್ತಾನೆ. ಹೊಸ ಟೈರ್ ಹಾಕಿಸಿಕೊಂಡು ಆ ಒಂದು ಸುತ್ತನ್ನು ಜೀವ ಬಿಟ್ಟು ಓಡಿಸುತ್ತಾನೆ. ಮುಂದಿನವನು ಹಳೇ ಟೈರ್‌ನಲ್ಲಿ ತೆವಳಿ, ಪಿಟ್‌ಗೆ ಬಂದು ಹೊರಬೀಳುವಷ್ಟರಲ್ಲಿ ಜಾಗ ಕಳೆದುಕೊಂಡಿರುತ್ತಾನೆ. ಇದಕ್ಕೆ ಅಂಡರ್‌ಕಟ್ ಅಂತಾರೆ. ನಾಲ್ಕೂ ಚಕ್ರ ಬದಲಿಸಲು ಎರಡೂವರೆ ಸೆಕೆಂಡ್ ಸಾಕು. 2023ರ ಕತಾರ್ ರೇಸ್‌ನಲ್ಲಿ ಮೆಕ್ಲಾರೆನ್ ಹುಡುಗರು 1.80 ಸೆಕೆಂಡಿನಲ್ಲಿ ಮುಗಿಸಿದ್ದರು.

ಶುರು ಮಾಡುವುದಾದರೆ ಬೆಲ್ಜಿಯಮ್ಮಿನ ಸ್ಪಾ, ಸಿಲ್ವರ್‌ಸ್ಟೋನ್, ಬ್ರೆಜಿಲ್‌ನ ಇಂಟರ್‌ಲಾಗೊಸ್ ನೋಡಿ. ಮೊನಾಕೊ ಬೇಡ. ಮೊನಾಕೊದಲ್ಲಿ ನೋಡಬೇಕಾದ್ದು ಶನಿವಾರದ ಅರ್ಹತಾ ಸುತ್ತು. ಗೋಡೆಗೆ ಬೆರಳಿನಷ್ಟು ಹತ್ತಿರ ಓಡಿಸುವ ಆ ಒಂದು ಗಂಟೆಯ ಮುಂದೆ ಭಾನುವಾರದ ರೇಸ್ ಸಪ್ಪೆ. 2026ರಿಂದ ನಿಯಮಗಳೂ ಪೂರ್ತಿ ಬದಲಾಗಿವೆ. ಎಂಜಿನ್ ಶಕ್ತಿಯ ಹತ್ತಿರ ಹತ್ತಿರ ಅರ್ಧ ಪಾಲು ವಿದ್ಯುತ್ತಿನದು, ಸೌಬರ್ ತಂಡ ಆಡಿಯಾಯಿತು, ಹೊಸದಾಗಿ ಕ್ಯಾಡಿಲಾಕ್ ಸೇರಿ ತಂಡಗಳು ಹನ್ನೊಂದಾದವು. ಹಳೇ ಅಭಿಮಾನಿಗಳೂ ಹೊಸದಾಗಿ ಕಲಿಯುತ್ತಿರುವಾಗ ಸೇರಿಕೊಳ್ಳುವುದು ಸುಲಭ.

ನಮ್ಮವರ ನಂಟೂ ಇದೆ. 2005ರಲ್ಲಿ ನರೇನ್ ಕಾರ್ತಿಕೇಯನ್ ಫಾರ್ಮುಲಾ 1ಗೆ ಹೋದ ಮೊದಲ ಭಾರತೀಯರಾದರು. ಆ ವರ್ಷ ಇಂಡಿಯನಾಪೊಲಿಸ್‌ನಲ್ಲಿ ಮಿಶೆಲಿನ್ ಟೈರ್ ಸುರಕ್ಷಿತವಲ್ಲ ಅಂತ ಹದಿನಾಲ್ಕು ಕಾರುಗಳು ಹಿಂದೆ ಸರಿದು, ಆರೇ ಕಾರು ಓಡಿದವು. ನರೇನ್ ನಾಲ್ಕನೆಯವರಾಗಿ ಅಂಕ ತಂದರು. ವಿಜಯ್ ಮಲ್ಯರ ಫೋರ್ಸ್ ಇಂಡಿಯಾ 2009ರಲ್ಲಿ ಸ್ಪಾದಲ್ಲಿ ಮೊದಲ ಸ್ಥಾನದಿಂದ ಹೊರಟು ಎರಡನೆಯದಾಗಿ ಮುಗಿಸಿತು. ಗ್ರೇಟರ್ ನೋಯ್ಡಾದಲ್ಲಿ 2011ರಿಂದ 2013ರವರೆಗೆ ನಡೆದ ಮೂರೂ ಇಂಡಿಯನ್ ಗ್ರ್ಯಾನ್ ಪ್ರಿಗಳನ್ನು ವೆಟೆಲ್ ಒಬ್ಬರೇ ಗೆದ್ದರು. ಆಮೇಲೆ ಫಾರ್ಮುಲಾ 1 ಇತ್ತ ಬಂದಿಲ್ಲ. ಈಗ ಕಣ್ಣಿಡಬೇಕಾದ್ದು ಅದೇ ವಾರಾಂತ್ಯ ನಡೆಯುವ ಫಾರ್ಮುಲಾ 2 ಮೇಲೆ. ಅಲ್ಲಿ ಎಲ್ಲರಿಗೂ ಒಂದೇ ಕಾರು. ಬೆಂಗಳೂರಿನ ಕುಶ್ ಮೈನಿ 2025ರಲ್ಲಿ ಮೊನಾಕೊದ ಸ್ಪ್ರಿಂಟ್ (ಚಿಕ್ಕ) ರೇಸನ್ನು ಅದರಲ್ಲೇ ಗೆದ್ದದ್ದು.

ಮೋಟೋಜಿಪಿ: ಬಿಡುವಿಲ್ಲದವರಿಗೆ, ಎದೆ ಗಟ್ಟಿ ಇರುವವರಿಗೆ

ನನ್ನನ್ನು ಕೇಳಿದರೆ ಹೊಸಬರು ಶುರು ಮಾಡಬೇಕಾದ್ದು ಇಲ್ಲಿಂದ. ಕಾರಣ ಸರಳ. ರೇಸ್ ಮುಕ್ಕಾಲು ಗಂಟೆಯ ಒಳಗೆ ಮುಗಿಯುತ್ತೆ. ಪಿಟ್ ಲೆಕ್ಕಾಚಾರ ಇಲ್ಲ. ಮಳೆ ಬಂದರೆ ಮಾತ್ರ ಒಳಗೆ ಬಂದು ಬೈಕ್ ಬದಲಿಸುತ್ತಾರೆ. ಮುಂದಿರುವವನೇ ಮುಂದಿದ್ದಾನೆ, ಯಾರೂ ಕೂತು ವಿವರಿಸಬೇಕಿಲ್ಲ.

ಇನ್ನೊಂದು ಕಾರಣ, ಮನುಷ್ಯ ಕಣ್ಣಿಗೆ ಕಾಣುತ್ತಾನೆ. ಫಾರ್ಮುಲಾ 1ನಲ್ಲಿ ಹೆಲ್ಮೆಟ್‌ನ ತುದಿ ಕಂಡರೆ ಹೆಚ್ಚು. ಇಲ್ಲಿ ಸವಾರ ತಿರುವಿನಲ್ಲಿ 60 ಡಿಗ್ರಿಗೂ ಜಾಸ್ತಿ ವಾಲಿ ಮೊಣಕೈಯನ್ನು ನೆಲಕ್ಕೆ ಉಜ್ಜುತ್ತಾ ಹೋಗುವುದು ನೇರ ಕಾಣುತ್ತೆ. ನೇರ ಹಾದಿಯಲ್ಲಿ ಗಂಟೆಗೆ 360 ಕಿ.ಮೀ. ದಾಟಿದ ಬೈಕನ್ನು ಅವನು ಬ್ರೇಕ್ ಹಿಡಿದು ಮಣಿಸುವಾಗ ಹಿಂದಿನ ಚಕ್ರ ಗಾಳಿಯಲ್ಲಿರುತ್ತೆ. ಇಲ್ಲಿ ಸೆಣಸಾಟ ಪಕ್ಕದವನ ಜೊತೆ ಎಷ್ಟೋ, ತನ್ನದೇ ಮೈಯ ಜೊತೆಯೂ ಅಷ್ಟೇ. 2013ರಲ್ಲಿ ಹಾಲೆಂಡಿನ ಆಸೆನ್‌ನಲ್ಲಿ ಹೊರ್ಹೆ ಲೊರೆಂಜೊ ಗುರುವಾರ ಬಿದ್ದು ಕಾಲರ್ ಬೋನ್ ಮುರಿದುಕೊಂಡರು. ಅವತ್ತೇ ವಿಮಾನ ಹತ್ತಿ ಬಾರ್ಸಿಲೋನಾಗೆ ಹೋಗಿ ಆಪರೇಷನ್ ಮಾಡಿಸಿಕೊಂಡು, ಪ್ಲೇಟ್ ಹಾಕಿಸಿಕೊಂಡು ವಾಪಸ್ ಬಂದು, ಶನಿವಾರದ ರೇಸ್‌ನಲ್ಲಿ ಐದನೆಯವರಾದರು. ಇದನ್ನು ಮೆಚ್ಚಬೇಕೋ ಬೈಯಬೇಕೋ ನನಗೆ ಇನ್ನೂ ತೀರ್ಮಾನವಾಗಿಲ್ಲ.

ಬೈಕ್‌ಗಳ ವಿಶ್ವ ಚಾಂಪಿಯನ್‌ಶಿಪ್ 1949ರದ್ದು, ಅಂದರೆ ಫಾರ್ಮುಲಾ 1ಗಿಂತ ಒಂದು ವರ್ಷ ಹಿರಿಯ. ಅಗೊಸ್ಟಿನಿ 15 ಪಟ್ಟ ಗೆದ್ದವರು, ರೊಸ್ಸಿ 9. 2023ರಿಂದ ಶನಿವಾರ ಅರ್ಧ ದೂರದ ಸ್ಪ್ರಿಂಟ್ ರೇಸ್ ಕೂಡ ಇದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಗ್ರೇಟರ್ ನೋಯ್ಡಾಗೆ ಮೋಟೋಜಿಪಿ ಬಂದಿತ್ತು. ಬಿಸಿಲಿಗೆ ಹೆದರಿ 24 ಸುತ್ತನ್ನು 21ಕ್ಕೆ ಇಳಿಸಿದ್ದರು. ಆದರೂ ಎರಡನೆಯವರಾಗಿ ಬಂದ ಹೊರ್ಹೆ ಮಾರ್ಟಿನ್ ರೇಸ್ ಮುಗಿಸಿ ಕುಸಿದರು. ಗೆದ್ದದ್ದು ಮಾರ್ಕೊ ಬೆಜೆಕಿ.

ಒಂದು ಗುಟ್ಟು: ಟಿವಿ ಹಚ್ಚುವಾಗ ಸ್ವಲ್ಪ ಬೇಗ ಹಚ್ಚಿ, ಮೋಟೋ3 ನೋಡಿ. 250 ಸಿಸಿಯ ಸಣ್ಣ ಬೈಕ್‌ಗಳು, ಹದಿಹರೆಯದ ಹುಡುಗರು. ಮುಂದಿನವನು ಸೀಳಿದ ಗಾಳಿಯಲ್ಲಿ ಹಿಂದಿನವನು ನುಗ್ಗುತ್ತಾ ಹತ್ತು ಹನ್ನೆರಡು ಜನ ಗುಂಪಾಗಿ ಕೊನೆಯ ತಿರುವಿಗೆ ಬರುತ್ತಾರೆ. ಎಷ್ಟೋ ಭಾನುವಾರ ದಿನದ ಒಳ್ಳೆಯ ರೇಸ್ ಅದೇ ಆಗಿರುತ್ತೆ.

ಲೆ ಮಾನ್ಸ್: ವರ್ಷಕ್ಕೆ ಒಂದೇ ಸಲ, ಆದರೆ ಪೂರ್ತಿ

ಪ್ರತಿ ವಾರ ಕೂರಲು ಆಗಲ್ಲ, ವರ್ಷಕ್ಕೊಂದು ಹಬ್ಬ ಸಾಕು ಅನ್ನುವವರು ಜೂನ್‌ಗೆ ಕಾಯಿರಿ. 13.626 ಕಿ.ಮೀ. ಉದ್ದದ ಸುತ್ತು, ಅದರಲ್ಲಿ ಒಂದಷ್ಟು ದೂರ ಬೇರೆ ದಿನ ಜನ ತಿರುಗಾಡುವ ಸಾಮಾನ್ಯ ರಸ್ತೆ. 60ಕ್ಕೂ ಹೆಚ್ಚು ಕಾರು, ಒಂದೊಂದಕ್ಕೆ ಮೂವರು ಚಾಲಕರು, ಸರದಿ ಮೇಲೆ ಓಡಿಸಬೇಕು. ನಮ್ಮ ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡಹಲಗೆ, ಕನೆಹಲಗೆ ಅಂತ ಬೇರೆ ಬೇರೆ ವಿಭಾಗ ಇರುತ್ತಲ್ಲ, ಹಾಗೆ ಇಲ್ಲೂ ಹೈಪರ್‌ಕಾರ್, ಎಲ್‌ಎಂಪಿ2, ಜಿಟಿ3 ಅಂತ, ವೇಗ ಇಳಿಯುವ ಕ್ರಮದಲ್ಲಿ, ಮೂರು ವಿಭಾಗ. ಆದರೆ ಇಲ್ಲಿ ಎಲ್ಲರನ್ನೂ ಒಂದೇ ಕರೆಗೆ ಒಟ್ಟಿಗೆ ಬಿಡುತ್ತಾರೆ! ರಾತ್ರಿ ಎರಡು ಗಂಟೆಯಲ್ಲಿ ಹೈಪರ್‌ಕಾರ್ ಓಡಿಸುವವನು ನಿಧಾನದ ಜಿಟಿ ಕಾರುಗಳ ನಡುವೆ ಸಂದು ಹುಡುಕಿಕೊಂಡು ನುಗ್ಗಬೇಕು.

ಇದರ ಇತಿಹಾಸ ದಪ್ಪ ಪುಸ್ತಕಕ್ಕೆ ಆಗುವಷ್ಟಿದೆ. 1955ರಲ್ಲಿ ಪಿಯರ್ ಲೆವೆಯ ಮರ್ಸಿಡೀಸ್ ಕಾರು ಹಾರಿ ಜನರ ಮೇಲೆ ಬಿದ್ದು 80ಕ್ಕೂ ಹೆಚ್ಚು ಮಂದಿ ಸತ್ತರು. ಅದಾದ ಮೇಲೆ ಸ್ವಿಟ್ಜರ್ಲೆಂಡ್ ಟ್ರ್ಯಾಕ್ ರೇಸ್‌ಗಳನ್ನೇ ನಿಷೇಧಿಸಿತು, ಮರ್ಸಿಡೀಸ್ ಆ ವರ್ಷದ ಕೊನೆಗೆ ರೇಸ್ ಬಿಟ್ಟು ದಶಕಗಳ ಕಾಲ ದೂರ ಉಳಿಯಿತು. 1966ರಲ್ಲಿ ಫೋರ್ಡ್ ಮೊದಲ ಮೂರೂ ಸ್ಥಾನ ಬಾಚಿ ಫೆರಾರಿಯ ಓಟ ಮುರಿಯಿತು. ಮೊದಲೆಲ್ಲ ಚಾಲಕರು ರಸ್ತೆ ದಾಟಿ ಓಡಿಬಂದು ಕಾರು ಹತ್ತುವ ಪದ್ಧತಿ ಇತ್ತು. ಅವಸರದಲ್ಲಿ ಬೆಲ್ಟ್ ಹಾಕಲು ಆಗುವುದಿಲ್ಲ ಅಂತ 1969ರಲ್ಲಿ ಜಾಕಿ ಇಕ್ಸ್ ಬೇಕೆಂದೇ ನಿಧಾನಕ್ಕೆ ನಡೆದುಕೊಂಡು ಹೋಗಿ, ಎಲ್ಲರಿಗಿಂತ ಕೊನೆಗೆ ಹೊರಟರು. ಕೊನೆಗೆ ಗೆದ್ದವರೂ ಅವರೇ. ಮರುವರ್ಷ ಆ ಪದ್ಧತಿ ನಿಂತಿತು. 1991ರಲ್ಲಿ ಕಿವಿ ಸೀಳುವ ರೋಟರಿ ಎಂಜಿನ್ನಿನ ಮಾಜ್ದಾ ಗೆದ್ದು ಜಪಾನಿಗೆ ಮೊದಲ ಗೆಲುವು ತಂದಿತು.

ಈ ರೇಸ್ ಯಾಕೆ ಬೇರೆ ಅನ್ನುವುದಕ್ಕೆ 2016 ಸಾಕು. ಟೊಯೋಟ ವರ್ಷಗಳಿಂದ ಪ್ರಯತ್ನಿಸಿ ಒಮ್ಮೆಯೂ ಗೆದ್ದಿರಲಿಲ್ಲ. 23 ಗಂಟೆ 55 ನಿಮಿಷ ಮುಗಿದಿದೆ, ಟೊಯೋಟ ಮುಂದಿದೆ, ಓಡಿಸುತ್ತಿರುವುದು ಕಝುಕಿ ನಕಾಜಿಮಾ. ಆಗ ಕಾರು ಸುಸ್ತಾಯಿತು. ಶಕ್ತಿ ಇಲ್ಲ, ಶಕ್ತಿ ಇಲ್ಲ ಅಂತ ರೇಡಿಯೋದಲ್ಲಿ ಅವರ ಕೂಗು. ಕಾರು ತೆವಳಿಕೊಂಡು ಬಂದು ಮುಖ್ಯ ನೇರ ಹಾದಿಯಲ್ಲಿ, ತನ್ನದೇ ತಂಡದ ಕಣ್ಣೆದುರಿಗೆ ನಿಂತುಬಿಟ್ಟಿತು. ಪೋರ್ಶೆ ಪಕ್ಕದಿಂದ ಹಾದುಹೋಯಿತು. ಟೊಯೋಟ ಹೇಗೋ ಮತ್ತೆ ಹೊರಟು ಕೊನೆಯ ಸುತ್ತು ಮುಗಿಸಿತು. ಆದರೆ ಆ ಸುತ್ತಿಗೆ ಮಿತಿಗಿಂತ ಜಾಸ್ತಿ ಹೊತ್ತು ಹಿಡಿಯಿತು ಅಂತ ಫಲಿತಾಂಶದ ಪಟ್ಟಿಯಲ್ಲಿ ಎರಡನೇ ಸ್ಥಾನವೂ ಸಿಗಲಿಲ್ಲ. ಪೋರ್ಶೆ ತಂಡದವರಿಗೇ ಕುಣಿಯಲು ಸಂಕೋಚವಾಗುವಂಥ ಗೆಲುವು ಅದು. ಟೊಯೋಟ ಕೊನೆಗೆ ಗೆದ್ದದ್ದು 2018ರಲ್ಲಿ, ಆ ಕಾರಿನಲ್ಲಿ ನಕಾಜಿಮಾ ಇದ್ದರು. ಅಲ್ಲಿಂದ ಸತತ ಐದು ವರ್ಷ ಗೆದ್ದರು. ಆಮೇಲೆ 2023ರಿಂದ ಮೂರು ವರ್ಷ ಫೆರಾರಿಯದು.

ನೋಡುವ ಕ್ರಮ: 24 ಗಂಟೆ ಕೂರಲು ಹೋಗಬೇಡಿ, ಅದು ಹುಚ್ಚು. ನಮ್ಮಲ್ಲಿ ಶನಿವಾರ ಸಂಜೆ 7:30ಕ್ಕೆ ಶುರು. ಮೊದಲ ಒಂದೆರಡು ಗಂಟೆ ನೋಡಿ, ಊಟ ಮಾಡಿ ಮಲಗಿ. ಭಾನುವಾರ ಬೆಳಗ್ಗೆ ಒಂಬತ್ತರ ಹೊತ್ತಿಗೆ ಮತ್ತೆ ಹಚ್ಚಿ. ಫ್ರಾನ್ಸ್‌ನಲ್ಲಿ ಆಗ ತಾನೇ ಬೆಳಕು ಹರಿಯುತ್ತಿರುತ್ತೆ. ಕಾರುಗಳ ಮೂತಿಯೆಲ್ಲ ಕೊಳೆ, ಅರ್ಧ ಕಾರುಗಳಿಗೆ ಟೇಪ್ ಸುತ್ತಿರುತ್ತಾರೆ, ಪಿಟ್‌ನಲ್ಲಿ ಮೆಕ್ಯಾನಿಕ್‌ಗಳು ಹೆಲ್ಮೆಟ್ ಹಾಕಿಕೊಂಡೇ ಕುರ್ಚಿಯಲ್ಲಿ ತೂಕಡಿಸುತ್ತಿರುತ್ತಾರೆ. ಸಂಜೆ ಆರರಿಂದ ಕೊನೆಯವರೆಗೆ ಬಿಡಬೇಡಿ.

ರ‍್ಯಾಲಿಯೋ ಡಕಾರೋ

ಇವೆರಡನ್ನೂ ಜನ ಒಂದೇ ಅಂದುಕೊಳ್ಳುತ್ತಾರೆ, ಎರಡರಲ್ಲೂ ಧೂಳು ಏಳುತ್ತೆ ಅಂತ. ಆದರೆ ಸ್ವಭಾವ ಪೂರ್ತಿ ಬೇರೆ. ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್‌ನಲ್ಲಿ ದಾರಿ ಮೊದಲೇ ಗೊತ್ತಿರುತ್ತೆ, ಅದನ್ನು ಎಷ್ಟು ಬೇಗ ಓಡಿಸುತ್ತೀರಿ ಅನ್ನುವುದೇ ಪರೀಕ್ಷೆ. ಡಕಾರ್‌ನಲ್ಲಿ ದಾರಿ ಹುಡುಕುವುದೇ ಪರೀಕ್ಷೆ.

ರ‍್ಯಾಲಿಯಲ್ಲಿ ಕಾರಿನೊಳಗೆ ಇಬ್ಬರು. ಸ್ಪರ್ಧೆಗೆ ಮುಂಚೆ ಇಬ್ಬರೂ ಆ ರಸ್ತೆಯಲ್ಲಿ ನಿಧಾನಕ್ಕೆ ಹೋಗಿ ಪ್ರತಿ ತಿರುವನ್ನೂ ಬರೆದುಕೊಂಡಿರುತ್ತಾರೆ. ಓಡಿಸುವಾಗ ಸಹಚಾಲಕ ಅದನ್ನು ಒಂದೇ ಉಸಿರಿಗೆ ಓದುತ್ತಾ ಹೋಗಬೇಕು. ಕನ್ನಡಕ್ಕೆ ತಂದರೆ ಹೀಗಿರುತ್ತೆ: "ಎಡ ಐದು, ದಿಬ್ಬ, ಎಂಬತ್ತು, ಬಲ ಮೂರು, ಬಿಗಿಯಾಗುತ್ತೆ, ಒಳಗೆ ಕತ್ತರಿಸಬೇಡ." ಎಂಬತ್ತು ಅಂದರೆ ಮುಂದಿನ ತಿರುವಿಗೆ ಎಂಬತ್ತು ಮೀಟರ್. ಐದು, ಮೂರು ಅಂದರೆ ತಿರುವು ಎಷ್ಟು ಬಿಗಿ ಅಂತ, ಅಂಕಿ ಇಳಿದಷ್ಟೂ ಬಿಗಿ. ದಿಬ್ಬದ ಆಚೆ ಏನಿದೆ ಅಂತ ಚಾಲಕನಿಗೆ ಕಾಣುವುದಿಲ್ಲ. ಆ ದನಿಯನ್ನು ನಂಬಿ ಆಕ್ಸಿಲರೇಟರ್ ಒತ್ತಬೇಕು. ಸೆಬಾಸ್ಟಿಯನ್ ಲೋಬ್ 2004ರಿಂದ 2012ರವರೆಗೆ ಸತತ ಒಂಬತ್ತು ಪಟ್ಟ ಗೆದ್ದಾಗ ಒಂಬತ್ತರಲ್ಲೂ ಪಕ್ಕದಲ್ಲಿ ಕೂತು ಓದಿದವರು ಒಬ್ಬರೇ, ಡೇನಿಯಲ್ ಎಲೆನಾ. ಅಂಥ ಜೋಡಿಯ ಒಳಗಿನ ಕ್ಯಾಮೆರಾ ದೃಶ್ಯವನ್ನು ಒಮ್ಮೆ ಯೂಟ್ಯೂಬ್‌ನಲ್ಲಿ ಹೆಡ್‌ಫೋನ್ ಹಾಕಿಕೊಂಡು ನೋಡಿ. ರೋಮಾಂಚನವಾದರೆ ನೀವು ರ‍್ಯಾಲಿ ಜಾತಿ. ಆಗದಿದ್ದರೆ ಬಿಟ್ಟುಬಿಡಿ. ಯಾಕಂದ್ರೆ ಇಲ್ಲಿ ಕಾರುಗಳು ಒಂದೊಂದಾಗಿ ಹೊರಡುತ್ತವೆ, ಅಕ್ಕಪಕ್ಕದ ಪೈಪೋಟಿ ಕಾಣಸಿಗುವುದಿಲ್ಲ. ಸಮಯದ ಪಟ್ಟಿ ನೋಡಿ ಖುಷಿಪಡಬೇಕು.

ಚಾಂಪಿಯನ್‌ಶಿಪ್ ಶುರುವಾಗಿದ್ದು 1973ರಲ್ಲಿ. ಆಡಿ ಕ್ವಾಟ್ರೊ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ಆಟವನ್ನೇ ಬದಲಿಸಿತು. ಅದೇ ಕಾರಿನಲ್ಲಿ ಮಿಶೆಲ್ ಮೂಟನ್ 1981ರಲ್ಲಿ ಸಾನ್ ರೆಮೊ ರ‍್ಯಾಲಿ ಗೆದ್ದರು. ವಿಶ್ವ ರ‍್ಯಾಲಿ ಗೆದ್ದ ಮೊದಲ ಮಹಿಳೆ ಅವರು. ಮರುವರ್ಷ ಚಾಂಪಿಯನ್‌ಶಿಪ್‌ನಲ್ಲಿ ಎರಡನೆಯವರಾದರು. ಆಗಿನ ಅತಿ ಬಲದ ಗ್ರೂಪ್ ಬಿ ವಿಭಾಗದ ಕಾರುಗಳು ಕೈಮೀರಿ ಹೋಗಿ, 1986ರಲ್ಲಿ ಕಾರ್ಸಿಕಾದಲ್ಲಿ ಟೊಯ್ವೊನೆನ್ ಮತ್ತು ಕ್ರೆಸ್ಟೊ ಸತ್ತ ಮೇಲೆ ಅವುಗಳಿಗೆ ಬಾಗಿಲು ಹಾಕಿದರು. ಕೀನ್ಯಾದ ಸಫಾರಿ ರ‍್ಯಾಲಿಯನ್ನು ಮೂರು ಸಲ ಗೆದ್ದ ಜೋಗಿಂದರ್ ಸಿಂಗ್ ಅಲ್ಲಿಯ ಭಾರತ ಮೂಲದವರು, ಇದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿಲ್ಲ.

ಡಕಾರ್ ಹುಟ್ಟಿದ್ದೇ ದಾರಿ ತಪ್ಪಿದ್ದರಿಂದ. ತಿಯೆರಿ ಸಬೀನ್ 1977ರಲ್ಲಿ ಬೈಕ್ ರ‍್ಯಾಲಿಯೊಂದರಲ್ಲಿ ಸಹಾರಾ ಮರುಭೂಮಿಯಲ್ಲಿ ಕಳೆದುಹೋಗಿ ಬದುಕಿ ಬಂದರು. ಬಂದವರೇ ಬೇರೆಯವರನ್ನೂ ಅಲ್ಲಿಗೆ ಕರೆದೊಯ್ಯುವ ಯೋಚನೆ ಹಾಕಿದರು! 1978ರ ಡಿಸೆಂಬರ್ 26ರಂದು ಪ್ಯಾರಿಸ್‌ನಿಂದ ಸೆನೆಗಲ್‌ನ ಡಕಾರ್‌ಗೆ ಮೊದಲ ಓಟ ಹೊರಟಿತು. ಭದ್ರತೆಯ ಭಯದಿಂದ 2008ರಲ್ಲಿ ರದ್ದಾಗಿ, ಮರುವರ್ಷದಿಂದ ದಕ್ಷಿಣ ಅಮೆರಿಕಕ್ಕೆ ಹೋಯಿತು. 2020ರಿಂದ ಸೌದಿ ಅರೇಬಿಯಾದಲ್ಲಿ ನಡೆಯುತ್ತಿದೆ. ಹೆಸರು ಮಾತ್ರ ಹಾಗೇ ಉಳಿದಿದೆ. ಜನವರಿಯಲ್ಲಿ ಎರಡು ವಾರ. ಬೈಕ್ ಸವಾರ ಒಬ್ಬನೇ. ಓಡಿಸುತ್ತಲೇ ಹ್ಯಾಂಡಲ್ ಮೇಲಿನ, ದಾರಿಯ ಗುರುತುಗಳಿರುವ ರೋಡ್‌ಬುಕ್ ಓದಬೇಕು, ದಿಕ್ಕು ನೋಡಬೇಕು, ಮರಳಿನಡಿಯ ಕಲ್ಲನ್ನೂ ಗಮನಿಸಬೇಕು.

ಕರ್ನಾಟಕದವರು ಹೆಮ್ಮೆಪಡಬೇಕಾದ ಜಾಗ ಇದು. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್‌ನಲ್ಲಿ ಓಡಿದ ಮೊದಲ ಭಾರತೀಯ. ಮೊದಲ ಪ್ರಯತ್ನದಲ್ಲೇ 36ನೆಯವರಾಗಿ ಮುಗಿಸಿದರು. 2021ರಲ್ಲಿ ಕೆಟ್ಟದಾಗಿ ಬಿದ್ದು ಆಸ್ಪತ್ರೆಯಲ್ಲಿ ಪ್ರಜ್ಞೆ ಇಲ್ಲದೆ ಮಲಗಿ, ಆಮೇಲೆ ಚೇತರಿಸಿಕೊಂಡರು. ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಡಕಾರ್ ಮುಗಿಸಿದವರು. ಬಿಗ್ ಬಾಸ್‌ನಲ್ಲಿ ನೋಡಿದ್ದ ಅರವಿಂದ್ ಇವರೇನಾ ಅಂತ ಕೇಳುವವರಿಗೆ, ಹೌದು, ಅವರೇ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಇದೇ ಬಗೆಯ ಮರುಭೂಮಿ ಬೈಕ್ ರ‍್ಯಾಲಿಗಳ ವಿಶ್ವಕಪ್‌ನಲ್ಲಿ ಮಹಿಳಾ ವಿಭಾಗ ಗೆದ್ದರು. ಡಕಾರ್ ನೋಡಲು ಚಂದಾ ಕೂಡ ಬೇಡ. ದಿನದ ಅರ್ಧ ಗಂಟೆಯ ಮುಖ್ಯಾಂಶ ಸಾಕು, ಊಟದ ಹೊತ್ತಿಗೆ ಸರಿಹೋಗುತ್ತೆ.

ಅಮೆರಿಕದವು

"ಸುಮ್ನೆ ಎಡಕ್ಕೆ ಸುತ್ತುತ್ತಾರೆ" ಅಂತ ಇವನ್ನು ಗೇಲಿ ಮಾಡುವುದು ಸುಲಭ. ಇಂಡಿಯನಾಪೊಲಿಸ್ 500 ಅಂದರೆ ಇಂಡಿ 500 ಒಮ್ಮೆ ಪೂರ್ತಿ ನೋಡಿದವರು ಹಾಗೆ ಅನ್ನಲ್ಲ. 33 ಕಾರು, 200 ಸುತ್ತು, ಸುಮಾರು 800 ಕಿ.ಮೀ. 2024ರಲ್ಲಿ ಸ್ಕಾಟ್ ಮೆಕ್‌ಲಾಫ್ಲಿನ್ ಅರ್ಹತಾ ಸುತ್ತಿನಲ್ಲಿ ಗಂಟೆಗೆ ಸರಾಸರಿ 377 ಕಿ.ಮೀ. ಓಡಿಸಿದ್ದರು. ಅದು ಸರಾಸರಿ, ತಿರುವುಗಳೂ ಸೇರಿ! ಎಲ್ಲರದ್ದೂ ಒಂದೇ ಕಂಪನಿಯ ಕಾರು, ಎಂಜಿನ್ ಮಾತ್ರ ಹೋಂಡಾ ಇಲ್ಲವೇ ಷೆವರ್ಲೆ. ಹಾಗಾಗಿ ಯಾರು ಬೇಕಾದರೂ ಗೆಲ್ಲಬಹುದು. ಗೆದ್ದವರು ಹಾಲು ಕುಡಿಯುತ್ತಾರೆ. ಮೇ ತಿಂಗಳ ಕೊನೆಯ ಸೋಮವಾರದ ಹಿಂದಿನ ದಿನ, ಭಾನುವಾರ ರಾತ್ರಿ ಹತ್ತೂಕಾಲರ ಹೊತ್ತಿಗೆ ನಮ್ಮಲ್ಲಿ ಶುರು.

ನಾಸ್ಕಾರ್‌ನ (ಅಮೆರಿಕದ ಇನ್ನೊಂದು ದೊಡ್ಡ ಕಾರು ರೇಸ್ ಸರಣಿ) ಮೊದಲ ತಲೆಮಾರಿನಲ್ಲಿ ಕಳ್ಳಬಟ್ಟಿ ಸಾಗಿಸಿ ಪೊಲೀಸರಿಂದ ತಪ್ಪಿಸಿಕೊಂಡು ಓಡಿಸುವುದನ್ನು ಕಲಿತವರು ಇದ್ದರು. ಜೂನಿಯರ್ ಜಾನ್ಸನ್ ಅದಕ್ಕೇ ಜೈಲಿಗೂ ಹೋಗಿ ಬಂದವರು. ಇಲ್ಲಿ ಕಾರಿಗೆ ಕಾರು ತಾಗುವುದು ತಪ್ಪಲ್ಲ, ಆಟದ ಭಾಗ. 2022ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ರಾಸ್ ಚಾಸ್ಟೇನ್ ಕೊನೆಯ ತಿರುವಿನಲ್ಲಿ ಬ್ರೇಕ್ ಹಾಕಲೇ ಇಲ್ಲ. ಕಾರನ್ನು ಹೊರಗೋಡೆಗೆ ಒರಗಿಸಿ, ಪೂರ್ತಿ ಆಕ್ಸಿಲರೇಟರ್ ಒತ್ತಿ, ಗೋಡೆಯನ್ನೇ ಉಜ್ಜಿಕೊಂಡು ಐದು ಕಾರು ದಾಟಿದರು. ಮುಂದಿನ ವರ್ಷದಿಂದ ಅದಕ್ಕೆ ತಡೆ ಹಾಕಿದರು. ನನಗೆ ನಾಸ್ಕಾರ್ ವರ್ಷಪೂರ್ತಿ ನೋಡುವ ತಾಳ್ಮೆ ಇಲ್ಲ. 36 ರೇಸ್ ಜಾಸ್ತಿಯಾಯಿತು, ಬಹಳಷ್ಟು ನಮ್ಮ ಮಧ್ಯರಾತ್ರಿ ನಡೆಯುತ್ತವೆ. ಫೆಬ್ರವರಿಯ ಡೇಟೋನಾ 500 ಒಂದನ್ನು ಮರುದಿನ ನೋಡಿದರೆ ಸಾಕು.

ಉಳಿದ ಎರಡು

ಫಾರ್ಮುಲಾ ಇ 2014ರಲ್ಲಿ ಬೀಜಿಂಗ್‌ನಲ್ಲಿ ಶುರುವಾದ ಬ್ಯಾಟರಿ ಕಾರುಗಳ ರೇಸ್. ಮಹೀಂದ್ರಾ ಮೊದಲ ವರ್ಷದಿಂದಲೂ ಇದೆ. 2023ರ ಫೆಬ್ರವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಬದಿಯಲ್ಲಿ ನಡೆದಾಗ ಫ್ರಾನ್ಸಿನ ಜಾನ್-ಎರಿಕ್ ವರ್ನ್ ಗೆದ್ದರು. ಮರುವರ್ಷ ರದ್ದಾಯಿತು. ಇಲ್ಲಿ ಆಟ ಇರುವುದು ಚಾರ್ಜ್ ಉಳಿಸಿಕೊಳ್ಳುವುದರಲ್ಲಿ. ಶಬ್ದವೇ ರೇಸ್ ಅನ್ನುವವರಿಗೆ ಇದು ಬೇಡ.

ಐಲ್ ಆಫ್ ಮ್ಯಾನ್ ಟಿಟಿಯನ್ನು ಯಾರಿಗೂ ಶಿಫಾರಸು ಮಾಡಲು ನನಗೆ ಮನಸ್ಸಿಲ್ಲ. ಬ್ರಿಟನ್ ಮತ್ತು ಐರ್ಲೆಂಡ್ ನಡುವಿನ ದ್ವೀಪವೊಂದರಲ್ಲಿ 1907ರಿಂದ ನಡೆಯುತ್ತಿರುವ ಬೈಕ್ ರೇಸ್ ಇದು. ಮನೆ, ಗೋಡೆ, ಲೈಟು ಕಂಬಗಳ ನಡುವಿನ 60.7 ಕಿ.ಮೀ. ಸಾಮಾನ್ಯ ರಸ್ತೆ. ಪೀಟರ್ ಹಿಕ್‌ಮನ್ 2023ರಲ್ಲಿ ಅದನ್ನು ಗಂಟೆಗೆ ಸರಾಸರಿ 219 ಕಿ.ಮೀ.ನಲ್ಲಿ ಸುತ್ತಿದರು. ಆ ದಾರಿಯಲ್ಲಿ ಈವರೆಗೆ ಸತ್ತವರ ಸಂಖ್ಯೆ 260 ದಾಟಿದೆ. 1976ರ ನಂತರ ವಿಶ್ವ ಚಾಂಪಿಯನ್‌ಶಿಪ್ಪೇ ಅಲ್ಲಿಗೆ ಹೋಗುವುದನ್ನು ಬಿಟ್ಟಿತು. ನೋಡುವುದಾದರೆ ಇಷ್ಟು ತಿಳಿದುಕೊಂಡು ನೋಡಿ.

ಹೊತ್ತು, ದುಡ್ಡು, ಹೋಗಿ ನೋಡುವುದು

ಯುರೋಪಿನ ರೇಸ್‌ಗಳ ಸಮಯ ನಮಗೆ ಹೇಳಿ ಮಾಡಿಸಿದ್ದು. ಭಾನುವಾರ ಸಂಜೆ 5:30ಕ್ಕೆ ಮೋಟೋಜಿಪಿ, 6:30ಕ್ಕೆ ಫಾರ್ಮುಲಾ 1. ಜಪಾನ್, ಆಸ್ಟ್ರೇಲಿಯಾ ಬೆಳಗಿನ ತಿಂಡಿಯ ಹೊತ್ತಿಗೆ. ಅಮೆರಿಕದ ಆಸ್ಟಿನ್, ಮೆಕ್ಸಿಕೊ ಮಾತ್ರ ಮಧ್ಯರಾತ್ರಿ ದಾಟುತ್ತವೆ, ಸೋಮವಾರ ಆಫೀಸ್ ಇರುವವರು ಫಲಿತಾಂಶ ನೋಡದೆ ತಡೆದುಕೊಳ್ಳುವುದನ್ನು ಕಲಿಯಬೇಕು. ಫಾರ್ಮುಲಾ 1 ಇಲ್ಲಿ 2024ರಿಂದ ಫ್ಯಾನ್‌ಕೋಡ್‌ನಲ್ಲಿ ಬರುತ್ತಿದೆ. ಪ್ರಸಾರದ ಹಕ್ಕು ಆಗಾಗ ಕೈ ಬದಲಾಗುತ್ತೆ, ಹಾಗಾಗಿ ವರ್ಷದ ಚಂದಾ ಕಟ್ಟುವ ಮೊದಲು ಆ ಸೀಸನ್ನಿನ ಹಕ್ಕು ಯಾರ ಬಳಿ ಇದೆ ನೋಡಿಕೊಳ್ಳಿ. ರ‍್ಯಾಲಿಗೆ ಬೇರೆಯೇ ಚಂದಾ. ಮೊದಲು ಒಂದು ತಿಂಗಳಿಗೆ ಮಾತ್ರ ಕಟ್ಟಿ, ಫಿನ್ಲೆಂಡ್ ರ‍್ಯಾಲಿ ಇರುವ ತಿಂಗಳಾದರೆ ಒಳ್ಳೆಯದು.

ಹೋಗಿ ನೋಡುವ ಆಸೆ ಇದ್ದರೆ, ಬೆಂಗಳೂರಿನಿಂದ ಫಾರ್ಮುಲಾ 1ಗೆ ಸಿಂಗಪುರಕ್ಕೆ, ಮೋಟೋಜಿಪಿಗೆ ಮಲೇಷ್ಯಾದ ಸೆಪಾಂಗ್‌ಗೆ ಹೋಗಬಹುದು. ಎರಡರಲ್ಲಿ ಒಂದು ಅಂದರೆ ನಾನು ಸೆಪಾಂಗ್ ಅಂತೀನಿ. ಟಿಕೆಟ್ ಅಗ್ಗ, ಹೋಟೆಲ್ ಅಗ್ಗ. ಸಿಂಗಪುರ ಊರಿನೊಳಗಿನ ಟ್ರ್ಯಾಕ್, ಅಗ್ಗದ ಟಿಕೆಟ್‌ನಲ್ಲಿ ಬೇಲಿಯ ಸಂದಿನಿಂದ ಕಾರು ಸರ್ರನೆ ಹೋಗುವುದಷ್ಟೇ ಕಾಣುತ್ತೆ. ಎಲ್ಲಿಗೆ ಹೋದರೂ ಕಿವಿಗೆ ಇಯರ್‌ಪ್ಲಗ್ ಮರೆಯಬೇಡಿ, ಮಕ್ಕಳಿದ್ದರಂತೂ ಕಡ್ಡಾಯ.

ಪಾಸ್‌ಪೋರ್ಟೇ ಬೇಡ ಅಂದರೆ ಚಿಕ್ಕಮಗಳೂರಿದೆ. ಅಲ್ಲಿಯ ಕಾಫಿ ತೋಟಗಳ ಮಣ್ಣಿನ ದಾರಿಯಲ್ಲಿ ರಾಷ್ಟ್ರೀಯ ರ‍್ಯಾಲಿ ಸುತ್ತುಗಳು ನಡೆಯುತ್ತವೆ, ಹಿಂದೆ ಏಷ್ಯಾ ಪೆಸಿಫಿಕ್ ರ‍್ಯಾಲಿಯ ಸುತ್ತೂ ನಡೆದಿದೆ. ಬೆಳಗ್ಗೆ ರಸ್ತೆ ಮುಚ್ಚುವ ಮೊದಲೇ ಜಾಗ ಹಿಡಿಯಬೇಕು. ನೀರು, ತಿಂಡಿ ಕಟ್ಟಿಕೊಂಡು ಹೋಗಿ, ನಡುವೆ ಹೊರಗೆ ಬರಲು ಆಗಲ್ಲ. ತಿರುವಿನ ಹೊರಮಗ್ಗುಲಲ್ಲಿ ಯಾವತ್ತೂ ನಿಲ್ಲಬೇಡಿ, ಹಿಡಿತ ತಪ್ಪಿದ ಕಾರು ಬರುವುದು ಅತ್ತಲೇ. ಒಳಮಗ್ಗುಲಲ್ಲಿ, ರಸ್ತೆಯಿಂದ ಹಿಂದೆ, ಎತ್ತರದ ದಿಣ್ಣೆ ಹುಡುಕಿ. ದಾರಿ ಕಾಯುವ ಮಾರ್ಷಲ್ ಸೀಟಿ ಊದಿದರೆ ಫೋನ್ ಕೆಳಗಿಟ್ಟು ರಸ್ತೆ ನೋಡಿ.